ಮಧ್ಯಮ ವ್ಯಾಪ್ತಿಯ ಅಣ್ವಸ್ತ್ರ ಒಪ್ಪಂದ

ಮಧ್ಯಮ ವ್ಯಾಪ್ತಿಯ ಅಣ್ವಸ್ತ್ರ ಒಪ್ಪಂದವು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ 1987ರ ಡಿಸೆಂಬರ್ 8ರಂದು ವಾಷಿಂಗ್ಟನ್ನಿನಲ್ಲಿ ಏರ್ಪಟ್ಟ ನಿಶ್ಶಸ್ತ್ರೀಕರಣ ಒಪ್ಪಂದ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದು ಐಎನ್‌ಎಫ್ ಒಪ್ಪಂದವೆಂದು ಪ್ರಸಿದ್ಧವಾಗಿದೆ. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಹಾಗೂ ಸೋವಿಯತ್ ನಾಯಕ ಮಿಖಾಯಿಲ್ ಗೊರ್ಬಚೆವ್ ಇದಕ್ಕೆ ಸಹಿ ಹಾಕಿದರು. ಇದಕ್ಕೆ ಮೊದಲಿನ ಸಾಲ್ಟ್ ಒಪ್ಪಂದಗಳು ಅಸ್ತ್ರಗಳ ಸಂಖ್ಯೆಗೆ ಮಿತಿಯನ್ನಷ್ಟೇ ಹಾಕಿದ್ದವು. ಒಂದು ವರ್ಗದ ಕ್ಷಿಪಣಿಗಳನ್ನು ಪೂರ್ಣವಾಗಿ ಇಲ್ಲವಾಗಿಸಿದ ಮೊದಲ ಒಪ್ಪಂದ ಇದು. 2019ರ ಆಗಸ್ಟ್ 2ರಂದು ಅಮೆರಿಕ ಹೊರನಡೆದುದರಿಂದ ಒಪ್ಪಂದವು ಅಂತ್ಯಗೊಂಡಿತು.

ಹಿನ್ನೆಲೆ

ಶೀತಲ ಸಮರದ ಕಾಲದಲ್ಲಿ ಎರಡೂ ಮಹಾಶಕ್ತಿಗಳ ಬಳಿ ಖಂಡಾಂತರ ಕ್ಷಿಪಣಿಗಳಿದ್ದವು. ಅವು ಒಂದು ದೇಶದಿಂದ ಹೊರಟು ಇನ್ನೊಂದನ್ನು ತಲುಪಲು ಸುಮಾರು ಅರ್ಧ ಗಂಟೆ ಬೇಕು. 1976ರಿಂದ ಸೋವಿಯತ್ ಒಕ್ಕೂಟವು ಎಸ್‌ಎಸ್-20 ಎಂಬ ಹೊಸ ಕ್ಷಿಪಣಿಗಳನ್ನು ನಿಯೋಜಿಸತೊಡಗಿತು. ಸುಮಾರು 5,000 ಕಿಲೋಮೀಟರ್ ಕ್ರಮಿಸಬಲ್ಲ ಈ ಕ್ಷಿಪಣಿಯು ಮೂರು ಸಿಡಿತಲೆಗಳನ್ನು ಹೊರುತ್ತಿತ್ತು. ಇದನ್ನು ಭಾರಿ ವಾಹನದ ಮೇಲಿಟ್ಟು ಬೇಕೆಂದಲ್ಲಿಗೆ ಸಾಗಿಸಬಹುದಾಗಿದ್ದುದರಿಂದ ಪತ್ತೆಹಚ್ಚುವುದು ಕಷ್ಟವಾಗಿತ್ತು. ಇಡೀ ಪಶ್ಚಿಮ ಯುರೋಪು ಇದರ ಗುರಿಯೊಳಗೆ ಬಂದಿತು.

ಇದಕ್ಕೆ ಉತ್ತರವಾಗಿ ನ್ಯಾಟೋ ಕೂಟವು 1979ರ ಡಿಸೆಂಬರ್ 12ರಂದು ಎರಡು ಮುಖಗಳ ನಿರ್ಣಯವೊಂದನ್ನು ಕೈಗೊಂಡಿತು. ಒಂದೆಡೆ ಸೋವಿಯತ್ ಒಕ್ಕೂಟದೊಡನೆ ಮಾತುಕತೆ ನಡೆಸುವುದು; ಅದು ಫಲಿಸದಿದ್ದರೆ 108 ಪರ್ಶಿಂಗ್-2 ಕ್ಷಿಪಣಿಗಳನ್ನೂ 464 ಕ್ರೂಸ್ ಕ್ಷಿಪಣಿಗಳನ್ನೂ ಪಶ್ಚಿಮ ಯುರೋಪಿನಲ್ಲಿ ನೆಲೆಗೊಳಿಸುವುದು. 1983ರ ಕೊನೆಯಲ್ಲಿ ಪಶ್ಚಿಮ ಜರ್ಮನಿ, ಬ್ರಿಟನ್ ಮತ್ತು ಇಟಲಿಗಳಿಗೆ ಮೊದಲ ಕ್ಷಿಪಣಿಗಳು ಬಂದವು. ಈ ನಿಯೋಜನೆಯ ವಿರುದ್ಧ ಯುರೋಪಿನ ನಗರಗಳಲ್ಲಿ ಲಕ್ಷಾಂತರ ಜನರು ಮೆರವಣಿಗೆ ನಡೆಸಿದರು. ಬ್ರಿಟನ್ನಿನ ಗ್ರೀನ್‌ಹ್ಯಾಮ್ ಕಾಮನ್ ವಾಯುನೆಲೆಯ ಹೊರಗೆ 1981ರಲ್ಲಿ ಮಹಿಳೆಯರು ಆರಂಭಿಸಿದ ಶಾಂತಿ ಶಿಬಿರವು ಹಲವು ವರ್ಷಗಳ ಕಾಲ ಮುಂದುವರಿಯಿತು.

ಕಾಲಾವಕಾಶದ ಪ್ರಶ್ನೆ

ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ ಅಪಾಯವು ಅವುಗಳ ಸ್ಫೋಟಕ ಶಕ್ತಿಗಿಂತ ಹೆಚ್ಚಾಗಿ ಅವು ಎದುರಾಳಿಗೆ ಉಳಿಸುವ ಸಮಯದಲ್ಲಿದೆ. ಪಶ್ಚಿಮ ಜರ್ಮನಿಯಿಂದ ಹೊರಟ ಪರ್ಶಿಂಗ್-2 ಸೋವಿಯತ್ ನೆಲವನ್ನು ಕೆಲವೇ ನಿಮಿಷಗಳಲ್ಲಿ ತಲುಪಬಲ್ಲದಾಗಿತ್ತು. ಅದರ ವ್ಯಾಪ್ತಿ ಸುಮಾರು 1,800 ಕಿಲೋಮೀಟರ್ ಮಾತ್ರ, ಅದು ಮಾಸ್ಕೋವನ್ನು ಮುಟ್ಟಲಾರದು ಎಂದು ಅಮೆರಿಕ ಹೇಳಿದರೂ ಸೋವಿಯತ್ ನಾಯಕರು ಅದನ್ನು ನಂಬಲಿಲ್ಲ.

ಸಮಯದ ಮಹತ್ವವನ್ನು ಅದೇ ವರ್ಷದ ಘಟನೆಯೊಂದು ತೋರಿಸುತ್ತದೆ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಮುನ್ನೆಚ್ಚರಿಕೆ ಉಪಗ್ರಹ ವ್ಯವಸ್ಥೆಯು ಅಮೆರಿಕದಿಂದ ಕ್ಷಿಪಣಿಗಳು ಹೊರಟಿವೆಯೆಂದು ಸೂಚಿಸಿತು. ಕರ್ತವ್ಯದಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆತ್ರೋವ್ ಇದು ಯಂತ್ರದ ತಪ್ಪು ಎಂದು ಭಾವಿಸಿ ಹಾಗೆಯೇ ಮೇಲಧಿಕಾರಿಗಳಿಗೆ ವರದಿ ಮಾಡಿದರು. ಮೋಡಗಳ ಮೇಲೆ ಬಿದ್ದ ಸೂರ್ಯನ ಬೆಳಕನ್ನು ಉಪಗ್ರಹವು ಕ್ಷಿಪಣಿಯ ಜ್ವಾಲೆಯೆಂದು ಗ್ರಹಿಸಿತ್ತೆಂದು ಆಮೇಲೆ ತಿಳಿಯಿತು. ಸೂಚನೆ ಬಂದದ್ದು ಅರ್ಧ ಗಂಟೆ ಹಿಡಿಯುವ ಖಂಡಾಂತರ ಕ್ಷಿಪಣಿಗಳ ಬಗ್ಗೆ. ಆದ್ದರಿಂದ ರೇಡಾರುಗಳಿಂದ ಖಚಿತಪಡಿಸಿಕೊಳ್ಳುವಷ್ಟು ಅವಧಿ ಉಳಿದಿತ್ತು. ಹಾರಾಟದ ಅವಧಿ ಕೆಲವೇ ನಿಮಿಷಗಳಿಗೆ ಇಳಿದಾಗ ಇಂತಹ ಪರಿಶೀಲನೆಗೆ ಆಸ್ಪದವೇ ಇರುವುದಿಲ್ಲ. ತಪ್ಪು ಸೂಚನೆಯನ್ನೇ ನಿಜವೆಂದು ತಿಳಿದು ಮರುದಾಳಿಗೆ ಆಜ್ಞೆ ಹೊರಡುವ ಸಂಭವ ಹೆಚ್ಚುತ್ತದೆ.

ಮಾತುಕತೆ

1981ರ ನವೆಂಬರ್‌ನಲ್ಲಿ ರೇಗನ್ ‘ಶೂನ್ಯ ಆಯ್ಕೆ’ಯನ್ನು ಮುಂದಿಟ್ಟರು. ಸೋವಿಯತ್ ಒಕ್ಕೂಟವು ತನ್ನ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ತೆಗೆದುಹಾಕಿದರೆ ಅಮೆರಿಕವು ತನ್ನವನ್ನು ನಿಯೋಜಿಸುವುದಿಲ್ಲವೆಂಬುದು ಇದರ ಸಾರ. ಅದೇ ತಿಂಗಳು ಜಿನೀವಾದಲ್ಲಿ ಆರಂಭವಾದ ಮಾತುಕತೆಯಿಂದ ಸೋವಿಯತ್ ನಿಯೋಗವು 1983ರ ನವೆಂಬರ್‌ನಲ್ಲಿ ಹೊರನಡೆಯಿತು. 1985ರಲ್ಲಿ ಗೊರ್ಬಚೆವ್ ಅಧಿಕಾರಕ್ಕೆ ಬಂದ ತಿಂಗಳೇ ಮಾತುಕತೆ ಮರಳಿ ಆರಂಭವಾಯಿತು. 1986ರ ಅಕ್ಟೋಬರ್‌ನಲ್ಲಿ ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ ನಡೆದ ಶೃಂಗಸಭೆ ಒಪ್ಪಂದವಿಲ್ಲದೆ ಮುಗಿದರೂ ಅಲ್ಲಿ ಮೂಡಿದ ಸಹಮತವು ಮರುವರ್ಷದ ಒಪ್ಪಂದಕ್ಕೆ ಬುನಾದಿಯಾಯಿತು.

ಕರಾರುಗಳು

ನೆಲದಿಂದ ಉಡಾಯಿಸುವ, 500ರಿಂದ 5,500 ಕಿಲೋಮೀಟರ್ ವ್ಯಾಪ್ತಿಯ ಎಲ್ಲ ಬ್ಯಾಲಿಸ್ಟಿಕ್ ಮತ್ತು ಕ್ರೂಸ್ ಕ್ಷಿಪಣಿಗಳನ್ನು ಮೂರು ವರ್ಷಗಳೊಳಗೆ ನಾಶಪಡಿಸಬೇಕೆಂದು ಒಪ್ಪಂದವು ವಿಧಿಸಿತು. ಅವುಗಳ ಉತ್ಪಾದನೆ ಮತ್ತು ಪರೀಕ್ಷಾರ್ಥ ಹಾರಾಟವನ್ನೂ ನಿಷೇಧಿಸಿತು. ಸಿಡಿತಲೆ ಅಣ್ವಸ್ತ್ರವೋ ಸಾಮಾನ್ಯ ಸ್ಫೋಟಕವೋ ಎಂಬ ಭೇದವನ್ನು ಅದು ಮಾಡಲಿಲ್ಲ. ದೂರದಿಂದ ನೋಡಿದವರಿಗೆ ಈ ಭೇದ ತಿಳಿಯುವಂತಿಲ್ಲ.

ಒಪ್ಪಂದಕ್ಕೆ ಮಿತಿಗಳೂ ಇದ್ದವು. ಹಡಗು, ಜಲಾಂತರ್ಗಾಮಿ ಮತ್ತು ವಿಮಾನಗಳಿಂದ ಉಡಾಯಿಸುವ ಕ್ಷಿಪಣಿಗಳಿಗೆ ಅದು ಅನ್ವಯಿಸಲಿಲ್ಲ. ನಾಶಪಡಿಸಬೇಕಾದದ್ದು ಕ್ಷಿಪಣಿಯನ್ನು ಮತ್ತು ಉಡಾವಣಾ ವಾಹನವನ್ನು. ಸಿಡಿತಲೆಯೊಳಗಿನ ಅಣುಸಾಧನವನ್ನು ತೆಗೆದಿಟ್ಟುಕೊಳ್ಳಲು ಅವಕಾಶವಿತ್ತು. ಎರಡು ದೇಶಗಳನ್ನು ಬಿಟ್ಟು ಉಳಿದ ಅಣ್ವಸ್ತ್ರ ರಾಷ್ಟ್ರಗಳು ಇದರ ಹೊರಗೇ ಉಳಿದವು.

ಜಾರಿ ಮತ್ತು ತಪಾಸಣೆ

1988ರ ಜೂನ್ 1ರಂದು ಜಾರಿಗೆ ಬಂದ ಒಪ್ಪಂದದ ಪ್ರಕಾರ 1991ರ ಮಧ್ಯಭಾಗದ ಹೊತ್ತಿಗೆ ಒಟ್ಟು 2,692 ಕ್ಷಿಪಣಿಗಳನ್ನು ನಾಶಪಡಿಸಲಾಯಿತು. ಇವುಗಳಲ್ಲಿ 1,846 ಸೋವಿಯತ್ ಒಕ್ಕೂಟದವು, 846 ಅಮೆರಿಕದವು. ಕ್ಷಿಪಣಿಗಳನ್ನು ಸ್ಫೋಟಿಸಿ, ಸುಟ್ಟು, ಕತ್ತರಿಸಿ ಇಲ್ಲವಾಗಿಸುವಾಗ ಎದುರು ಪಕ್ಷದ ತಪಾಸಣಾಧಿಕಾರಿಗಳು ಸ್ಥಳದಲ್ಲಿದ್ದು ವೀಕ್ಷಿಸಿದರು.

ಪರಸ್ಪರರ ಸೇನಾನೆಲೆಗಳೊಳಗೆ ಹೋಗಿ ನೋಡುವ ಈ ಹಕ್ಕು ಒಪ್ಪಂದದ ಮುಖ್ಯ ಸಾಧನೆ. ಸೋವಿಯತ್ ಒಕ್ಕೂಟದ ವೋತ್ಕಿನ್ಸ್ಕ್ ಕಾರ್ಖಾನೆಯ ದ್ವಾರದಲ್ಲಿ ಅಮೆರಿಕದ ಅಧಿಕಾರಿಗಳೂ, ಅಮೆರಿಕದ ಯೂಟಾ ರಾಜ್ಯದ ಮ್ಯಾಗ್ನಾ ಕಾರ್ಖಾನೆಯ ದ್ವಾರದಲ್ಲಿ ಸೋವಿಯತ್ ಅಧಿಕಾರಿಗಳೂ ನೆಲೆಸಿ, ಹೊರಹೋಗುವ ಸರಕನ್ನು ಪರಿಶೀಲಿಸಿದರು. ‘ನಂಬು, ಆದರೆ ಪರೀಕ್ಷಿಸು’ ಎಂಬ ರಷ್ಯನ್ ಗಾದೆಯನ್ನು ರೇಗನ್ ಮತ್ತೆ ಮತ್ತೆ ಹೇಳುತ್ತಿದ್ದುದು ಈ ಸಂದರ್ಭದಲ್ಲೇ. ಒಪ್ಪಂದದಲ್ಲಿ ಗೊತ್ತುಪಡಿಸಿದ್ದ 13 ವರ್ಷಗಳ ತಪಾಸಣೆಯು 2001ರ ಮೇ 31ರಂದು ಮುಗಿಯಿತು. ನಿಷೇಧವು ಮುಂದುವರಿದರೂ ಅದನ್ನು ಸ್ಥಳದಲ್ಲೇ ಪರೀಕ್ಷಿಸುವ ವ್ಯವಸ್ಥೆ ಆ ಬಳಿಕ ಇರಲಿಲ್ಲ.

ಕುಸಿತ

2014ರ ಜುಲೈನಲ್ಲಿ ಅಮೆರಿಕವು ರಷ್ಯಾ ಒಪ್ಪಂದವನ್ನು ಉಲ್ಲಂಘಿಸಿದೆಯೆಂದು ಆರೋಪಿಸಿತು. ವಿವಾದಕ್ಕೆ ಕಾರಣವಾದ 9ಎಂ729 ಎಂಬ ಕ್ರೂಸ್ ಕ್ಷಿಪಣಿಯ ವ್ಯಾಪ್ತಿ 500 ಕಿಲೋಮೀಟರಿಗಿಂತ ಕಡಿಮೆ ಎಂಬುದು ರಷ್ಯಾದ ವಾದ. ರೊಮೇನಿಯಾ ಮತ್ತು ಪೋಲೆಂಡಿನ ಕ್ಷಿಪಣಿ ನಿರೋಧಕ ನೆಲೆಗಳಲ್ಲಿರುವ ಉಡಾವಣಾ ಯಂತ್ರಗಳಿಂದ ಕ್ರೂಸ್ ಕ್ಷಿಪಣಿಗಳನ್ನೂ ಹಾರಿಸಬಹುದೆಂದು ಅದು ಪ್ರತ್ಯಾರೋಪ ಮಾಡಿತು. ಅಮೆರಿಕ ಇದನ್ನು ನಿರಾಕರಿಸಿತು. ಒಪ್ಪಂದದ ಹೊರಗಿದ್ದ ಚೀನಾ ಇದೇ ವ್ಯಾಪ್ತಿಯ ಕ್ಷಿಪಣಿಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿಕೊಂಡದ್ದೂ ಅಮೆರಿಕದ ಅಸಮಾಧಾನಕ್ಕೆ ಕಾರಣವಾಗಿತ್ತು.

2018ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಪ್ಪಂದದಿಂದ ಹೊರಬರುವ ಇಂಗಿತವನ್ನು ಪ್ರಕಟಿಸಿದರು. 2019ರ ಫೆಬ್ರವರಿಯಲ್ಲಿ ಎರಡೂ ದೇಶಗಳು ಪಾಲನೆಯನ್ನು ಅಮಾನತುಗೊಳಿಸಿದವು. ಆರು ತಿಂಗಳ ನಂತರ ಒಪ್ಪಂದವು ಕೊನೆಗೊಂಡಿತು. ಅದೇ ಆಗಸ್ಟ್ 18ರಂದು ಅಮೆರಿಕವು ಹಿಂದೆ ನಿಷಿದ್ಧವಾಗಿದ್ದ ವ್ಯಾಪ್ತಿಯ ಕ್ರೂಸ್ ಕ್ಷಿಪಣಿಯನ್ನು ನೆಲದಿಂದ ಪರೀಕ್ಷಿಸಿತು.

ನಂತರದ ಬೆಳವಣಿಗೆಗಳು

2024ರ ಜುಲೈನಲ್ಲಿ ಅಮೆರಿಕ ಮತ್ತು ಜರ್ಮನಿಗಳು 2026ರಿಂದ ಜರ್ಮನಿಯಲ್ಲಿ ದೂರಗಾಮಿ ಕ್ಷಿಪಣಿಗಳನ್ನು ನಿಯೋಜಿಸುವ ಯೋಜನೆಯನ್ನು ಪ್ರಕಟಿಸಿದವು. 2024ರ ನವೆಂಬರ್ 21ರಂದು ರಷ್ಯಾವು ಉಕ್ರೇನಿನ ನಿಪ್ರೊ ನಗರದ ಮೇಲೆ ‘ಒರೆಷ್ನಿಕ್’ ಎಂಬ ಮಧ್ಯಮ ವ್ಯಾಪ್ತಿಯ ಕ್ಷಿಪಣಿಯನ್ನು, ಅಣ್ವಸ್ತ್ರವಿಲ್ಲದೆ, ಪ್ರಯೋಗಿಸಿತು. ಇಂತಹ ಕ್ಷಿಪಣಿಗಳನ್ನು ನಿಯೋಜಿಸುವುದಿಲ್ಲವೆಂದು ತಾನೇ ವಿಧಿಸಿಕೊಂಡಿದ್ದ ಸಂಯಮಕ್ಕೆ ಇನ್ನು ಬದ್ಧವಲ್ಲವೆಂದು 2025ರ ಆಗಸ್ಟ್‌ನಲ್ಲಿ ರಷ್ಯಾ ಘೋಷಿಸಿತು. ಖಂಡಾಂತರ ಅಸ್ತ್ರಗಳಿಗೆ ಮಿತಿ ಹಾಕಿದ್ದ 2010ರ ಹೊಸ ಸ್ಟಾರ್ಟ್ ಒಪ್ಪಂದದಲ್ಲಿ ತನ್ನ ಭಾಗವಹಿಸುವಿಕೆಯನ್ನೂ ಅದು 2023ರಲ್ಲೇ ಅಮಾನತುಗೊಳಿಸಿತ್ತು.

ದಕ್ಷಿಣ ಏಷ್ಯಾ ಮತ್ತು ಭಾರತ

ಭಾರತವು ಐಎನ್‌ಎಫ್ ಒಪ್ಪಂದದ ಪಕ್ಷವಾಗಿರಲಿಲ್ಲ. ಆದರೆ ಭಾರತದ ಅಗ್ನಿ ಸರಣಿಯ ಬಹುಪಾಲು ಕ್ಷಿಪಣಿಗಳೂ ಪಾಕಿಸ್ತಾನದ ಶಾಹೀನ್ ಸರಣಿಯ ಕ್ಷಿಪಣಿಗಳೂ ಆ ಒಪ್ಪಂದ ನಿಷೇಧಿಸಿದ್ದ ವ್ಯಾಪ್ತಿಯಲ್ಲೇ ಬರುತ್ತವೆ. ಗಡಿ ಹಂಚಿಕೊಂಡಿರುವ ಈ ಎರಡು ದೇಶಗಳ ನಡುವೆ ಕ್ಷಿಪಣಿಯ ಹಾರಾಟಕ್ಕೆ ಬೇಕಾದದ್ದು ಕೆಲವೇ ನಿಮಿಷಗಳು. ತಾನು ಮೊದಲು ಅಣ್ವಸ್ತ್ರವನ್ನು ಬಳಸುವುದಿಲ್ಲ ಎಂಬ ನೀತಿಯನ್ನು ಭಾರತ 2003ರ ಜನವರಿಯಲ್ಲಿ ಅಧಿಕೃತವಾಗಿ ಪ್ರಕಟಿಸಿದೆ. ಪಾಕಿಸ್ತಾನವು ಅಂತಹ ನೀತಿಯನ್ನು ಅಂಗೀಕರಿಸಿಲ್ಲ.

ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂಬ 1988ರ ಒಪ್ಪಂದದಂತೆ ಉಭಯ ದೇಶಗಳು 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತಿವೆ. ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಗಳ ಮುನ್ಸೂಚನೆ ನೀಡುವ ಒಪ್ಪಂದ 2005ರಲ್ಲಿ ಆಯಿತು. 2022ರ ಮಾರ್ಚ್ 9ರಂದು ಭಾರತದ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ನೆಲದಲ್ಲಿ ಬಿದ್ದಿತು. ಅದರಲ್ಲಿ ಅಣ್ವಸ್ತ್ರವಿರಲಿಲ್ಲ, ಪ್ರಾಣಹಾನಿಯೂ ಆಗಲಿಲ್ಲ. ಭಾರತ ವಿಷಾದ ವ್ಯಕ್ತಪಡಿಸಿತು.

ಮಹತ್ವ

1986ರ ಸುಮಾರಿಗೆ ಜಗತ್ತಿನಲ್ಲಿ ಸುಮಾರು 70,000 ಅಣು ಸಿಡಿತಲೆಗಳಿದ್ದವು. ಇಂದು ಅವು ಸುಮಾರು 12,000ಕ್ಕೆ ಇಳಿದಿವೆ. ಐಎನ್‌ಎಫ್ ಒಪ್ಪಂದದಿಂದ ನೇರವಾಗಿ ಕಡಿಮೆಯಾದದ್ದು ಇದರಲ್ಲಿ ಸಣ್ಣ ಪಾಲು. ಆದರೆ ಅದು ರೂಢಿಗೆ ತಂದ ಸ್ಥಳ ತಪಾಸಣೆಯ ಕ್ರಮವನ್ನು 1991ರ ಸ್ಟಾರ್ಟ್ ಒಪ್ಪಂದವೂ ಅನುಸರಿಸಿತು. ತಪಾಸಣೆ ನಿಂತಲ್ಲಿ ಪ್ರತಿ ದೇಶವೂ ಎದುರಾಳಿಯ ಬಳಿ ಇರಬಹುದಾದ ಅಸ್ತ್ರಗಳನ್ನು ಊಹಿಸಿ ತನ್ನ ಬಲವನ್ನು ನಿರ್ಧರಿಸಬೇಕಾಗುತ್ತದೆ. ಊಹೆಯು ಸಾಮಾನ್ಯವಾಗಿ ಹೆಚ್ಚಿನ ಸಂಖ್ಯೆಯತ್ತಲೇ ವಾಲುವುದರಿಂದ ಅಸ್ತ್ರ ಪೈಪೋಟಿಗೆ ಅದೇ ಪ್ರೇರಣೆಯಾಗುತ್ತದೆ.

ಒಪ್ಪಂದದ ನೆನಪಿಗಾಗಿ ಕೆಲವು ನಿಷ್ಕ್ರಿಯ ಕ್ಷಿಪಣಿಗಳನ್ನು ಪ್ರದರ್ಶನಕ್ಕೆ ಉಳಿಸಿಕೊಳ್ಳಲು ಅನುಮತಿ ನೀಡಲಾಗಿತ್ತು. ಅಂತಹ ಒಂದು ಎಸ್‌ಎಸ್-20 ಮತ್ತು ಒಂದು ಪರ್ಶಿಂಗ್-2 ವಾಷಿಂಗ್ಟನ್ನಿನ ವಾಯುಯಾನ ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿವೆ.