ಕೈಗೆ ಹತ್ತಿದ ಬಣ್ಣ ತೊಳೆಯಬಹುದು, ಮೈಗಿಳಿದ ವಿಷ?

ನೇಕಾರರ ಊರುಗಳಲ್ಲಿ ಬಣ್ಣದ ಮನೆ ಗುರುತಿಸುವುದು ಸುಲಭ. ಮುಂದಿನ ಗಟಾರದ ನೀರು ಒಂದು ದಿನ ಕೆಂಪು, ಮರುದಿನ ನೀಲಿ. ಒಳಗೆ ಕುದಿಯುವ ಹಂಡೆ, ನೂಲಿನ ಲಡಿ ಅದ್ದುವ ಬರಿಗೈ. ಪುಡಿ ಅಳೆಯುವಾಗ ಮೂಗಿಗೂ ಒಂದಿಷ್ಟು, ಬಾಯಿಗೂ ಒಂದಿಷ್ಟು. ಕೇಳಿದರೆ, "ಬಣ್ಣ ಅಲ್ಲೇನ್ರಿ, ಸೋಪು ಹಚ್ಚಿದ್ರ ಹೋಗ್ತದ" ಎಂಬ ಉತ್ತರ ಸಿದ್ಧ.

ಹೋಗುವುದು ಚರ್ಮದ ಮೇಲಿನದ್ದು ಮಾತ್ರ.

1895ರಲ್ಲೇ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್, ಬಣ್ಣ ತಯಾರಿಸುವ ಕೆಲಸಗಾರರಿಗೆ ಮೂತ್ರಕೋಶದ ಗಡ್ಡೆ ಬರುತ್ತಿರುವುದನ್ನು ಜಗತ್ತಿಗೆ ತಿಳಿಸಿದರು. ಅಪರಾಧಿಗಳಲ್ಲಿ ಮುಖ್ಯವಾದದ್ದು ಬೆಂಜಿಡಿನ್ ಎಂಬ ರಾಸಾಯನಿಕ ಎಂದು ಮುಂದೆ ಗೊತ್ತಾಯಿತು. ಹತ್ತಿ ನೂಲಿಗೆ ಹಾಕುವ ಎಷ್ಟೋ ಬಣ್ಣಗಳು ಅದರಿಂದಲೇ ತಯಾರಾಗುತ್ತಿದ್ದವು. ಇಂಥ ಬಣ್ಣ ಹೊಟ್ಟೆ ಸೇರಿದರೆ ಒಡೆದು ಮತ್ತೆ ಬೆಂಜಿಡಿನ್ ಆಗುತ್ತದೆ. ಮೂತ್ರದೊಡನೆ ಇಳಿದು ಮೂತ್ರಕೋಶದಲ್ಲಿ ತಂಗುತ್ತದೆ. ಕೇಡು ಅಲ್ಲಿಂದ ಶುರು.

ಭಾರತದಲ್ಲಿ 1993ರಿಂದ ಬೆಂಜಿಡಿನ್ ಬಣ್ಣಗಳಿಗೆ ನಿಷೇಧವಿದೆ. ಹಾಗಾದರೆ ಈಗೇಕೆ ಈ ಮಾತು? ಈ ಕ್ಯಾನ್ಸರ್ ಬರುವುದು ಇಂದು ಮುಟ್ಟಿದರೆ ನಾಳೆ ಅಲ್ಲ. ಇಪ್ಪತ್ತು ವರ್ಷ, ಕೆಲವರಿಗೆ ಮೂವತ್ತು ವರ್ಷವೂ ಆದೀತು. ನಿಷೇಧಕ್ಕೆ ಮುಂಚೆ ಹರೆಯದಲ್ಲಿ ಹಂಡೆಯ ಮುಂದೆ ನಿಂತವರು ಇಂದು ಐವತ್ತು ದಾಟಿದವರು. ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆ.

ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣುವುದೇ ಮೊದಲ ಸೂಚನೆ. "ಉಷ್ಣ ಆಗಿರ್ಬೇಕು" ಎಂದು ಎಳನೀರು ಕುಡಿದು ಸುಮ್ಮನಾಗುವವರೇ ಹೆಚ್ಚು. ಎರಡು ದಿನ ನಿಂತೀತು, ಮತ್ತೆ ಬಂದೀತು. ಆಸ್ಪತ್ರೆಗೆ ಹೋದರೂ ಬೀಡಿ ಸೇದುತ್ತೀರಾ ಎಂಬ ಪ್ರಶ್ನೆ ಬರುತ್ತದೆ. ಬೀಡಿಯೂ ಈ ರೋಗಕ್ಕೆ ಕಾರಣವೇ, ಸುಳ್ಳಲ್ಲ. ಆದರೆ "ಮೊದಲು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳದಿದ್ದರೆ ನಿಜವಾದ ಕಾರಣ ಚೀಟಿಗೇ ಏರುವುದಿಲ್ಲ.

ಚೀಟಿಗೇರದಿದ್ದರೆ ಪರಿಹಾರವೂ ಇಲ್ಲ. ಕೆಲಸದಿಂದ ಬರುವ ಮೂತ್ರಕೋಶದ ಗಡ್ಡೆಯನ್ನು 1923ರ ಕಾರ್ಮಿಕ ಪರಿಹಾರ ಕಾಯ್ದೆಯ ರೋಗಪಟ್ಟಿಗೆ ಸೇರಿಸಲಾಗಿತ್ತು. ಆದರೆ ದಿನಗೂಲಿಗೆ ದುಡಿದವನ ಬಳಿ ಹಾಜರಿ ಪುಸ್ತಕ ಎಲ್ಲಿಂದ ಬರಬೇಕು?

ಹಳೆಯ ಬಣ್ಣಗಾರರು ಮೂತ್ರ ಪರೀಕ್ಷೆ ಮಾಡಿಸಲಿ, ಮಾಡಿದ ಕೆಲಸವನ್ನು ವೈದ್ಯರಿಗೆ ತಾವಾಗಿಯೇ ಹೇಳಲಿ. ಇಂದು ಹಂಡೆಯ ಮುಂದೆ ನಿಂತ ಹುಡುಗರಿಗೆ ಮಾಲೀಕರು ಕೈಗವಸು ಕೊಡಲಿ, ಹೆಸರು ಬರೆದಿಡಲಿ. ಸೀರೆಯ ಬಣ್ಣ ಗಟ್ಟಿಯೇ ಎಂದು ಗಿರಾಕಿ ತಿಕ್ಕಿ ನೋಡುತ್ತಾನೆ. ಬಣ್ಣ ಹಾಕಿದವನು ಗಟ್ಟಿಯಾಗಿದ್ದಾನೆಯೇ ಎಂದು ನೋಡುವವರು ಯಾರು? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?