ಥಂಡಿಗೆ ತಕ್ಕ ವೇಗ

ಡಿಸೆಂಬರಿನ ಒಂದು ಮುಂಜಾನೆ ವಾಡಿಯಿಂದ ಚಿತ್ತಾಪುರದ ಕಡೆಗೆ ಗೇರಿಲ್ಲದ ಸಾದಾ ಸೈಕಲ್ಲಿನಲ್ಲಿ ಹೊರಟವನೊಬ್ಬನ ಲೆಕ್ಕ ಹಾಕೋಣ. ಅವನಿಗೆ ಅವಸರವಿಲ್ಲ, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾನೆ. ಸೈಕಲ್ಲೂ ಅವನೂ ಸೇರಿ 90 ಕಿಲೋ ತೂಕ. ಗಾಳಿ ಬೀಸದ ದಿನ, ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಇಷ್ಟು ವೇಗಕ್ಕೆ ಪೆಡಲಿನ ಮೇಲೆ ಬೀಳಬೇಕಾದ ಶಕ್ತಿ 50ರಿಂದ 60 ವ್ಯಾಟ್, ಹಿಂದೆ ಮನೆಮನೆಯಲ್ಲಿ ಉರಿಯುತ್ತಿದ್ದ ಒಂದು ಬುರುಡೆ ಬಲ್ಬಿನಷ್ಟು. ಆದರೆ ನಮ್ಮ ಸ್ನಾಯುಗಳು ತಿಂದ ರೊಟ್ಟಿಯ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸಕ್ಕೆ ತಿರುಗಿಸುತ್ತವೆ. ಉಳಿದ ಮುಕ್ಕಾಲು ಭಾಗ ಶಾಖವಾಗಿಬಿಡುತ್ತದೆ. ಸುಮ್ಮನೆ ಕೂತಾಗಲೂ ದೇಹ ಹೊರಬಿಡುವ ಶಾಖವನ್ನು ಇದಕ್ಕೆ ಕೂಡಿಸಿದರೆ ಆ ಸವಾರನ ಮೈಯಿಂದ 250 ವ್ಯಾಟಿನಷ್ಟು ಬಿಸಿ ಹೊರಗೆ ಹೋಗಲೇಬೇಕು. ಹೋಗದಿದ್ದರೆ ಅವನಿಗೆ ಜ್ವರ ಬಂದಂತಾಗುತ್ತದೆ.

ಈ ಬಿಸಿ ಎಲ್ಲಿ ಹೋಗುತ್ತದೆ ಅನ್ನುವುದರಲ್ಲೇ ನಮ್ಮ ಭಾಗದ ಸೈಕಲ್ಲಿನ ಋತು ಯಾವುದೆಂಬ ಪ್ರಶ್ನೆಗೆ ಉತ್ತರವಿದೆ. ಚರ್ಮದ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ. ಸೇಡಂ, ಚಿತ್ತಾಪುರದ ಮೇ ತಿಂಗಳ ಮಧ್ಯಾಹ್ನ ಗಾಳಿಯೇ 42 ಡಿಗ್ರಿ ಮುಟ್ಟಿದಾಗ ಮೈಯ ಶಾಖ ಗಾಳಿಗೆ ಹೋಗುವುದಿಲ್ಲ, ಗಾಳಿಯ ಶಾಖವೇ ಮೈಗೆ ಏರುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ನೆರಳಿಲ್ಲದ ರಸ್ತೆಯಲ್ಲಿ ಬಿಸಿಲಿನ ಝಳವೂ ಸೇರಿದರೆ ಮೆಲ್ಲಗೆ ತುಳಿದರೂ ಗಂಟೆಗೆ ಅರ್ಧ ಲೀಟರ್ ಮೀರಿ ನೀರು ಮೈಯಿಂದ ಆರಿಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ 12–15 ಡಿಗ್ರಿಯ ಗಾಳಿ ಅದೇ ಶಾಖವನ್ನು ಸದ್ದಿಲ್ಲದೆ ಎಳೆದುಕೊಳ್ಳುತ್ತದೆ. ಮೈ ಬೆವರುವುದೇ ಇಲ್ಲ, ಬಾಯಿ ಒಣಗುವುದಿಲ್ಲ. ಬಿಸಿಲಿಗೆ ಹೆಸರಾದ ಈ ಜಿಲ್ಲೆಯಲ್ಲಿ ಸೈಕಲ್ ತುಳಿಯಲು ದೇಹ ಒಪ್ಪುವ ಕಾಲ ಥಂಡಿಯ ಆ ಎರಡೂವರೆ ತಿಂಗಳು ಮಾತ್ರ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ನೆಲವೂ ಇದಕ್ಕೆ ಒಪ್ಪುವಂಥದ್ದೇ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂನ ಅಡಿಗಿರುವುದು ಭೀಮಾ ಜಲಾನಯನದ ಸುಣ್ಣಕಲ್ಲು. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು ಅದು. ಆ ಪದರಗಳು ಇಂದಿಗೂ ಬಹುಪಾಲು ಅಡ್ಡಡ್ಡವಾಗಿಯೇ ಮಲಗಿವೆ. ಹಾಗಾಗಿಯೇ ಶಹಾಬಾದಿ ಕಲ್ಲು ಹಾಸುಗಲ್ಲಾಗಿ ಎದ್ದುಬರುತ್ತದೆ, ಹಾಗಾಗಿಯೇ ಈ ಸೀಮೆಯ ರಸ್ತೆಗಳಲ್ಲಿ ದೊಡ್ಡ ಏರಿಳಿತವಿಲ್ಲ. ಸಿಕಂದರಾಬಾದಿನಿಂದ ಸೇಡಂ, ಚಿತ್ತಾಪುರ ದಾಟಿ ವಾಡಿಗೆ ಬರುವ ರೈಲು ಮಾರ್ಗವನ್ನು 1874ರಲ್ಲಿ ನಿಜಾಮನ ರಾಜ್ಯ ತೆರೆದಾಗ ಅದೂ ಸಾಗಿದ್ದು ಇದೇ ಬಯಲಿನ ಮೇಲೆ. ಸಾದಾ ಸೈಕಲ್ಲಿನ ಮುಂದಿನ ಚಕ್ರಪಟ್ಟಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಹತ್ತಿರಹತ್ತಿರ ಎರಡೂವರೆ ಸುತ್ತು ತಿರುಗಿ, 28 ಇಂಚಿನ ಗಾಲಿ ಸುಮಾರು ಐದೂವರೆ ಮೀಟರ್ ಮುಂದೆ ಒಯ್ಯುತ್ತದೆ. ನಿಮಿಷಕ್ಕೆ 45 ಸುತ್ತು, ಅಂದರೆ ಕಾಲಿಗೆ ಯಾವ ಒತ್ತಾಯವೂ ಇಲ್ಲದ ಲಯ, ಗಂಟೆಗೆ 15 ಕಿ.ಮೀ. ಆಗುತ್ತದೆ. ಬೆಟ್ಟದ ಸೀಮೆಯಲ್ಲಿ ಈ ಒಂದೇ ಗೇರು ಮಂಡಿಯನ್ನು ನೋಯಿಸುತ್ತದೆ, ನಮ್ಮ ಬಯಲಿಗೆ ಅದು ಸಾಕು. ಒಂದೇ ದಿನದ ಸುತ್ತಾಟಕ್ಕೆಂದು ಇಪ್ಪತ್ತೊಂದು ಗೇರಿನ ಸೈಕಲ್ ಕೊಳ್ಳುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ.

ಇನ್ನು ಹದಿನೈದೇ ಯಾಕೆ, ಇಪ್ಪತ್ತೈದು ಯಾಕೆ ಬೇಡ? ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ: ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. ನಮ್ಮ ಸವಾರ ಹದಿನೈದರ ವೇಗದಲ್ಲಿ ಗಾಳಿಗಾಗಿ ಕಳೆಯುವುದು ಸುಮಾರು 25 ವ್ಯಾಟ್, ಟೈರು ರಸ್ತೆಗೆ ಒತ್ತಿ ಉರುಳುವುದಕ್ಕೆ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತೈದಕ್ಕೆ ಏರಿಸಿದರೆ ಗಾಳಿಗೇ 110 ವ್ಯಾಟ್ ಮೀರುತ್ತದೆ. ಥಂಡಿ ಇದಕ್ಕೆ ಇನ್ನೊಂದಿಷ್ಟು ಕೂಡಿಸುತ್ತದೆ. ತಂಪು ಗಾಳಿ ದಟ್ಟವಾಗಿರುತ್ತದಲ್ಲ, 40 ಡಿಗ್ರಿಯ ಗಾಳಿಗಿಂತ 13 ಡಿಗ್ರಿಯ ಗಾಳಿ ನೂರಕ್ಕೆ ಒಂಬತ್ತರಷ್ಟು ಭಾರ. ಇಪ್ಪತ್ತೈದರ ವೇಗದವನಿಗೆ ಅದರಿಂದ ಹತ್ತು ವ್ಯಾಟಿನ ಹೆಚ್ಚುವರಿ ದುಡಿಮೆ, ನಿಧಾನ ಹೋಗುವವನಿಗೆ ಎರಡು ವ್ಯಾಟ್, ಅವನಿಗೆ ಅದು ತಿಳಿಯುವುದೇ ಇಲ್ಲ.

ನಿಧಾನಕ್ಕೆ ಇನ್ನೊಂದು ಬೆಂಬಲ ಸೈಕಲ್ಲಿನ ಸಮತೋಲದಿಂದಲೇ ಸಿಗುತ್ತದೆ. ಓಡುವ ಸೈಕಲ್ಲು ಬೀಳದಿರುವುದು ಗಾಲಿಗಳು ಬುಗುರಿಯಂತೆ ತಿರುಗುವುದರಿಂದ ಎಂದು ಬಹುಕಾಲ ಪಾಠ ಹೇಳಿದ್ದುಂಟು. 2011ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯಗಳ ಸಂಶೋಧಕರ ತಂಡ ಬುಗುರಿಯ ಪರಿಣಾಮವನ್ನು ಪೂರ್ತಿ ಕಳೆದುಹಾಕಿದ ಒಂದು ಸಣ್ಣ ಸೈಕಲ್ಲನ್ನೇ ಕಟ್ಟಿತು. ಅದೂ ತಾನಾಗಿ ನೆಟ್ಟಗೆ ಓಡಿತು. ಸೈಕಲ್ಲು ಎಡಕ್ಕೆ ವಾಲಿದರೆ ಮುಂದಿನ ಗಾಲಿ ತಾನೇ ಎಡಕ್ಕೆ ತಿರುಗಿ, ಬೀಳುತ್ತಿರುವ ಭಾರದ ಅಡಿಗೆ ಗಾಲಿಯನ್ನು ತಂದು ನಿಲ್ಲಿಸುತ್ತದೆ. ಈ ತಿರುವು ಹುಟ್ಟುವುದರಲ್ಲಿ ಬುಗುರಿಯ ಗುಣ, ಮುಂಫೋರ್ಕಿನ ಓರೆ, ಹ್ಯಾಂಡಲಿನ ಕಡೆಯ ತೂಕ ಎಲ್ಲವಕ್ಕೂ ಪಾಲಿದೆ. ಅದೇ ವಿದ್ವಾಂಸರಲ್ಲಿ ಕೆಲವರು ನಾಲ್ಕು ವರ್ಷ ಮುಂಚೆ ಲೆಕ್ಕಕ್ಕೆ ಮಾದರಿಯಾಗಿ ಹಿಡಿದ ಒಂದು ಸೈಕಲ್ಲು ಗಂಟೆಗೆ 15ರಿಂದ 22 ಕಿ.ಮೀ. ಸುಮಾರಿನ ವೇಗದಲ್ಲಿ ಸವಾರ ಹ್ಯಾಂಡಲು ಹಿಡಿಯದಿದ್ದರೂ ತನ್ನ ಓಲಾಟವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂದು ತೋರಿತು. ಪ್ರತಿ ಸೈಕಲ್ಲಿಗೂ ಈ ಅಂಕಿ ಬೇರೆ. ಆದರೂ ಕಾಲಿಗೆ ಹಿತವಾದ ವೇಗವೂ ಯಂತ್ರ ನೆಟ್ಟಗೆ ಓಡುವ ವೇಗವೂ ಇಷ್ಟು ಹತ್ತಿರ ಬಂದು ಕೂಡುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಮೈ ಬೆಚ್ಚಗಿದ್ದರೂ ಬೆರಳು ಮರಗಟ್ಟುವುದು ಏಕೆ? ಕೆಲಸ ಮಾಡುವುದು ತೊಡೆ, ಮೀನಖಂಡ. ಬೆರಳುಗಳು ಸುಮ್ಮನೆ ಹಿಡಿದುಕೊಂಡು ಗಾಳಿಗೆ ಎಲ್ಲಕ್ಕಿಂತ ಮುಂದೆ ನಿಂತಿರುತ್ತವೆ. ಚಳಿ ತಾಗಿದೊಡನೆ ದೇಹ ಅಲ್ಲಿನ ರಕ್ತನಾಳಗಳನ್ನು ಬಿಗಿದು, ಬಿಸಿ ರಕ್ತವನ್ನು ಒಡಲೊಳಗೆ ಉಳಿಸಿಕೊಳ್ಳುತ್ತದೆ. ಜೊತೆಗೆ ಹಳೆಯ ಮಾದರಿ ಸೈಕಲ್ಲಿನ ಬ್ರೇಕು ಉಕ್ಕಿನ ಕಂಬಿ. ಹ್ಯಾಂಡಲಿನ ರಬ್ಬರು ಹಿಡಿಯೂ ಆ ಕಂಬಿಯೂ ಒಂದೇ ಉಷ್ಣತೆಯಲ್ಲಿರುತ್ತವೆ, ಆದರೆ ಉಕ್ಕು ರಬ್ಬರಿಗಿಂತ ನೂರಾರು ಪಟ್ಟು ಬೇಗ ಶಾಖ ಸಾಗಿಸುವುದರಿಂದ ಬೆರಳಿಗೆ ಕಚ್ಚಿದಂತಾಗುತ್ತದೆ. ಕೈಗವಸು ಇಲ್ಲದವರು ಆ ಕಂಬಿಗೆ ಹಳೆಯ ಟ್ಯೂಬಿನ ತುಂಡು ಸುತ್ತಿದರೂ ಆದೀತು.

ಗಾಳಿಯ ಹೊಡೆತಕ್ಕೆ ಚಳಿ ಎಷ್ಟು ಹೆಚ್ಚಾಗಿ ತೋರುತ್ತದೆ ಅನ್ನುವುದಕ್ಕೆ ಅಮೆರಿಕ ಮತ್ತು ಕೆನಡಾ 2001ರಲ್ಲಿ ಒಪ್ಪಿಕೊಂಡ ಒಂದು ಸೂತ್ರವಿದೆ. 10 ಡಿಗ್ರಿಯ ಬೆಳಗ್ಗೆ ಹದಿನೈದರ ವೇಗದವನ ಮುಖಕ್ಕೆ ಅದು 8 ಡಿಗ್ರಿಯಂತೆ, ಐವತ್ತರ ವೇಗದಲ್ಲಿ ಮೋಟರ್‌ಸೈಕಲ್ ಓಡಿಸುವವನ ಮುಖಕ್ಕೆ ಐದೂವರೆಯಂತೆ ತಾಗುತ್ತದೆ. ಮೋಟರ್‌ಸೈಕಲ್ಲಿನವನು ಮೈಯಲ್ಲಿ ಹೆಚ್ಚಿನ ಶಾಖವನ್ನೂ ಹುಟ್ಟಿಸುವುದಿಲ್ಲ. ಮಫ್ಲರ್ ಸುತ್ತಿ, ಜಾಕೆಟ್ಟಿನೊಳಗೆ ಪತ್ರಿಕೆ ಮಡಚಿಟ್ಟುಕೊಂಡವರೂ ಬೈಕಿನ ಮೇಲೆ ನಡುಗುವುದು ಇದಕ್ಕೇ. ಅದೇ ರಸ್ತೆಯಲ್ಲಿ ಸೈಕಲ್ಲಿನವನಿಗೆ ಒಂದು ತೆಳು ಸ್ವೆಟರು ಸಾಕು.

ಚಿಂಚೋಳಿ ಕಡೆ ಹೋದರೆ ಮಾತ್ರ ಈ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಸುಣ್ಣಕಲ್ಲಿನ ಬಯಲು ಮುಗಿದು, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಉಕ್ಕಿಹರಿದ ಲಾವಾದ ಕಪ್ಪುಕಲ್ಲೂ ಅದರ ಮೇಲಿನ ಕೆಂಪು ಜಂಬಿಟ್ಟಿಗೆಯ ಎತ್ತರವೂ ಶುರುವಾಗುತ್ತವೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಾಡು, ಚಂದ್ರಂಪಳ್ಳಿ ಜಲಾಶಯ ಎಲ್ಲ ಈ ಏರುತಗ್ಗಿನ ನಾಡಿನಲ್ಲಿವೆ. ನೂರು ಮೀಟರಿಗೆ ಮೂರು ಮೀಟರ್ ಏರುವ ದಾರಿಯಲ್ಲಿ ಎಂಟರ ವೇಗಕ್ಕೆ ಇಳಿದರೂ ದುಡಿಮೆ ಬಯಲಿಗಿಂತ ಹೆಚ್ಚು, ಎದುರುಗಾಳಿಯೋ ಕಡಿಮೆ. ಹಾಗಾಗಿ ಬೆನ್ನು ಬೆವರುತ್ತದೆ. ಅದೇ ದಾರಿ ಇಳಿಯುವಾಗ ಪೆಡಲು ಮುಟ್ಟದೆಯೇ ಸೈಕಲ್ಲು ಇಪ್ಪತ್ತೈದರ ವೇಗ ಮೀರುತ್ತದೆ: ಸ್ನಾಯುವಿನ ಶಾಖ ನಿಂತಿತು, ಗಾಳಿ ಏರಿತು, ಒದ್ದೆ ಅಂಗಿ ಆರುತ್ತ ಮೈಯ ಬಿಸಿಯನ್ನೂ ಎಳೆಯಿತು. ಚಳಿ ನಿಜವಾಗಿ ಹಿಡಿಯುವುದು ಇಂಥ ಇಳಿಜಾರಿನಲ್ಲಿ. ಏರುವ ಮೊದಲು ಸ್ವೆಟರು ಬಿಚ್ಚಿ ಕ್ಯಾರಿಯರಿಗೆ ಕಟ್ಟಿ, ಇಳಿಯುವ ಮೊದಲು ಮತ್ತೆ ಹಾಕಿಕೊಳ್ಳುವುದು ಒಳ್ಳೆಯದು. ಬಯಲಿನಲ್ಲೂ ಹೊರಡುವಾಗ ಚೂರು ಥಂಡಿ ಅನ್ನಿಸುವಷ್ಟೇ ಬಟ್ಟೆ ಸರಿ, ಎರಡು ಕಿಲೋಮೀಟರಿನಲ್ಲಿ ಮೈ ತಾನೇ ಕಾಯುತ್ತದೆ.

ಹೊರಡುವ ಹೊತ್ತಿನ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ: ಸೂರ್ಯ ಹುಟ್ಟುವ ಮುಂಚೆ ಹೊರಡಬೇಡಿ. ಥಂಡಿಗಾಲದ ನಿರ್ಮಲ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನೆಲ್ಲ ಬಾನಿಗೆ ಬಿಟ್ಟು ತಣಿಯುತ್ತದೆ, ಅದಕ್ಕೆ ಅಂಟಿದ ಗಾಳಿಯೂ ತಣಿದು ಭಾರವಾಗಿ ತಗ್ಗಿಗೆ ಇಳಿಯುತ್ತದೆ. ಮಳಖೇಡದ ಕೋಟೆಯ ಬಳಿ ಕಾಗಿಣಾ ನದಿಯ ಕಡೆಗೆ ರಸ್ತೆ ಇಳಿಯುವಾಗ ಒಮ್ಮೆಲೆ ತಾಗುವ ಕೊರೆತಕ್ಕೆ ಇದೇ ಕಾರಣ. ಮೇಲೆ ಬೆಚ್ಚನೆಯ ಗಾಳಿ, ಕೆಳಗೆ ತಣ್ಣನೆಯದು ಎಂಬ ಈ ಏರ್ಪಾಡು ಇರುವಷ್ಟು ಹೊತ್ತು ಗಾಳಿ ಮೇಲಕ್ಕೂ ಕೆಳಕ್ಕೂ ಕಲೆಯುವುದಿಲ್ಲ. ಸಿಮೆಂಟು ಕಾರ್ಖಾನೆ, ಕಲ್ಲುಗಣಿ, ಲಾರಿಗಳ ಸೀಮೆಯಲ್ಲಿ ಹೊಗೆಯೂ ದೂಳೂ ಮೂಗಿನ ಮಟ್ಟದಲ್ಲೇ ತಂಗುತ್ತವೆ. ಬಿಸಿಲು ನೆಲವನ್ನು ಕಾಯಿಸಿದ ಮೇಲೆ, ಅಂದರೆ ಒಂಬತ್ತರ ಸುಮಾರಿಗೆ, ಗಾಳಿ ಕಡೆದು ದೂಳು ಚದುರತೊಡಗುತ್ತದೆ. ಮೆಲ್ಲಗೆ ತುಳಿಯುವವನು ಮೂಗಿನಿಂದಲೇ ಉಸಿರಾಡಬಲ್ಲ. ಮೂಗು ತಂಪು ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುತ್ತದೆ, ದಪ್ಪ ದೂಳನ್ನು ತಡೆಯುತ್ತದೆ. ಬಿರುಸಾಗಿ ತುಳಿದು ಏದುಸಿರಿಗೆ ಬಿದ್ದವನು ಬಾಯಿ ತೆರೆಯುತ್ತಾನೆ, ಒಣ ಚಳಿ ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ದಮ್ಮು ಇರುವವರಿಗೆ ಇದು ಕೆಮ್ಮು, ಉಬ್ಬಸ ತರುತ್ತದೆ. ಬಾಯಿ ಮುಚ್ಚಿ ತುಳಿಯಲಾಗುವ ವೇಗವೇ ಅವರ ಮಿತಿ.

ಯಂತ್ರದ ಆರೈಕೆಯೂ ಥಂಡಿಯಲ್ಲಿ ಸ್ವಲ್ಪ ಬೇರೆ. ಮಧ್ಯಾಹ್ನದ 30 ಡಿಗ್ರಿಯಲ್ಲಿ ಟೈರಿಗೆ 45 ಪೌಂಡು ಗಾಳಿ ಹೊಡೆಸಿದರೆ ಮರುದಿನ ಮುಂಜಾನೆ 13 ಡಿಗ್ರಿಗೆ ಅದು ಮೂರು ಪೌಂಡು ಕಡಿಮೆ ತೋರಿಸುತ್ತದೆ. ಎಲ್ಲೂ ಸೋರಿಲ್ಲ, ತಣಿದ ಗಾಳಿಯ ಒತ್ತಡ ತಗ್ಗಿದೆ, ಅಷ್ಟೇ. ಅದರ ಮೇಲೆ ವಾಲ್‌ಟ್ಯೂಬು ಹಳೆಯದಾಗಿದ್ದರೆ ನಿಜವಾದ ಸೋರಿಕೆಯೂ ಸೇರುತ್ತದೆ. ಟೈರು ಮೆತ್ತಗಾದಷ್ಟೂ ಉರುಳುವುದು ಭಾರ, ಹಾಗಾಗಿ ಥಂಡಿಗಾಲದಲ್ಲಿ ಗಾಳಿಯನ್ನು ಹೊರಡುವ ಮುಂಜಾನೆಯೇ ನೋಡಬೇಕು. ತೊಗರಿ ರಾಶಿಯ ದಿನಗಳಲ್ಲಿ ಹೊಲದ ಬಂಡಿದಾರಿಗೆ ಇಳಿಯುವವರಿಗೆ ಜಾಲಿಮುಳ್ಳಿನ ಕಾಟ ಬೇರೆ. ಪಂಕ್ಚರ್ ಸಾಮಾನು ಜೊತೆಗಿರಲಿ.

ನಮ್ಮ ಭಾಗದ ಸುಣ್ಣಕಲ್ಲಿನ ದೂಳು ಚೈನನ್ನು ಸವೆಸುವುದಕ್ಕಿಂತ ಒಣಗಿಸುವುದು ಹೆಚ್ಚು. ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟು ಉಕ್ಕಿಗಿಂತ ಮೆದು. ಅದು ಎಣ್ಣೆ ಹೀರಿ ಬೂದು ಹಿಟ್ಟಾಗಿ ಕೊಂಡಿಗಳಲ್ಲಿ ಕೂರುತ್ತದೆ. ಅದರ ಜೊತೆ ಬರುವ ಮರಳಿನ ಕಣ ಮಾತ್ರ ಉಕ್ಕಿಗಿಂತ ಗಟ್ಟಿ, ಕೊರೆಯುವುದು ಅದೇ. ಆದ್ದರಿಂದ ಮೊದಲು ಬಟ್ಟೆಯಿಂದ ಒರೆಸಿ, ಆಮೇಲೆ ತೆಳು ಎಣ್ಣೆ ಬಿಟ್ಟು, ಮೇಲಿನದನ್ನು ಮತ್ತೆ ಒರೆಸಬೇಕು. ಒಳ್ಳೆಯ ಸ್ಥಿತಿಯ ಚೈನು ಪೆಡಲಿನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮೇಲೆ ಗಾಲಿಗೆ ಮುಟ್ಟಿಸುತ್ತದೆ. ಇನ್ನು ಫ್ರೀವೀಲು: ಅದರೊಳಗಿನ ಟಿಕ್‌ಟಿಕ್ ಸದ್ದು ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಉಕ್ಕಿನ ನಾಲಿಗೆಗಳದ್ದು. ಹಳೆಯ ಗ್ರೀಸು ದೂಳು ಸೇರಿ ಚಳಿಗೆ ಗಟ್ಟಿಯಾದರೆ ನಾಲಿಗೆ ಹಲ್ಲಿಗೆ ಸಿಗದೆ ಪೆಡಲು ಖಾಲಿ ತಿರುಗುತ್ತದೆ. ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು ತಿರುಗಿಸಿ, ಆಮೇಲೆ ಎಣ್ಣೆ ಹಾಕಿದರೆ ಸರಿಹೋಗುತ್ತದೆ. ಇಬ್ಬನಿಯಲ್ಲಿ ಇಡೀ ರಾತ್ರಿ ನಿಂತ ಸೈಕಲ್ಲಿನ ಉಕ್ಕಿನ ರಿಮ್ಮನ್ನು ಒರೆಸದೆ ಹೊರಡಬಾರದು. ಒದ್ದೆ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಊರೇ ಹೊಲಕ್ಕೆ ಹೋಗುವ ದಿನ, ಭಜ್ಜಿ, ಸಜ್ಜಿ ರೊಟ್ಟಿಯ ಬುತ್ತಿ ಕಟ್ಟಿದ ಸೈಕಲ್ಲುಗಳು ಹಿಂಗಾರಿ ಜೋಳದ ನಡುವೆ ಸಾಗುವುದನ್ನು ನೋಡಿದವರಿಗೆ ಇದೆಲ್ಲ ಹೊಸ ಮಾತಲ್ಲ. 2006–07ರಿಂದ ಹಲವು ವರ್ಷ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಅಂಥವು ಎಷ್ಟೋ ಮನೆಗಳ ಹಿತ್ತಿಲಲ್ಲಿ ಇನ್ನೂ ಇವೆ, ಒಂದು ದಿನದ ದುರಸ್ತಿಗೆ ರಸ್ತೆಗೆ ಬರುತ್ತವೆ.

ನಮ್ಮ ಸೀಮೆಯ ಸೈಕಲ್ ಸವಾರನಿಗೆ ಚಳಿಗಿಂತ ದೊಡ್ಡ ಅಪಾಯ ಅವನ ಬೆನ್ನ ಹಿಂದೆ ಬರುವ ಲಾರಿ. ಸೇಡಂ, ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದಗಳ ನಡುವೆ ಸಿಮೆಂಟು, ಕಲ್ಲು ಹೊತ್ತ ಲಾರಿಗಳು ಓಡಾಡುವ ರಸ್ತೆಗಳಲ್ಲಿ ಡಾಂಬರು ಮುಗಿದಲ್ಲೇ ಕಲ್ಲುಹರಳಿನ ತಗ್ಗು. ಮಂಜಿನ ಬೆಳಗ್ಗೆ ಅಲ್ಲಿಗೆ ಇಳಿದ ಗಾಲಿ ಜಾರುತ್ತದೆ. ಮುಂದೆ ಈ ರಸ್ತೆಗಳನ್ನು ಅಗಲ ಮಾಡುವವರು ಎರಡೂ ಅಂಚಿಗೆ ಒಂದೂವರೆ ಮೀಟರ್ ಗಟ್ಟಿ ಡಾಂಬರಿನ ಜಾಗ ಬಿಡಲಿ, ಅದನ್ನು ಬಿಳಿ ಗೆರೆ ಎಳೆದು ಬೇರ್ಪಡಿಸಲಿ. ಅಲ್ಲಿಯವರೆಗೆ ಶಾಲೆಗೆ ಹೋಗುವ ನಿಮ್ಮ ಮಕ್ಕಳ ಸೈಕಲ್ಲಿನ ಹಿಂದಿನ ಮಡ್ಗಾರ್ಡಿಗೆ ಒಂದು ಕೆಂಪು ಪ್ರತಿಫಲಕವನ್ನು ಈ ವಾರವೇ ಹಾಕಿಸಿ.