ಕಲಾ ಪದವೀಧರರೂ ಪ್ರೋಗ್ರಾಂ ಬರೆಯಬಲ್ಲರು

ಹಳದಿ ಎಲೆ ರೋಗದಿಂದ ಅಡಿಕೆ ತೋಟಗಳು ಸೊರಗಿರುವ ಶೃಂಗೇರಿ, ಕೊಪ್ಪ ತಾಲ್ಲೂಕುಗಳಲ್ಲಿ ತೋಟದ ಆದಾಯವೊಂದನ್ನೇ ನೆಚ್ಚುವಂತಿಲ್ಲ. ಕೆರೆಕಟ್ಟೆಯಂತಹ ಕಾಡಂಚಿನ ಊರಿನ ಬಿ.ಎ. ಪದವೀಧರರಿಗೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಇನ್ನೊಂದು ದಾರಿಯಾಗಬಲ್ಲದು. ಆದರೆ ಅದು ಗಣಿತ ಓದಿದವರ ಸೊತ್ತೆಂಬ ಅಳುಕು ಅನೇಕರನ್ನು ತಡೆಯುತ್ತದೆ.

ಪ್ರೋಗ್ರಾಂ ಎಂದರೆ ನಿಯಮಗಳನ್ನು ಸಂದಿಗ್ಧವಿಲ್ಲದೆ, ಕ್ರಮವಾಗಿ ಬರೆಯುವುದು. ಒಣ ಅಡಿಕೆಯ ಬಿಲ್ಲನ್ನೇ ತೆಗೆದುಕೊಳ್ಳಬಹುದು. ಜಿಎಸ್‌ಟಿ ಶೇ. 5. ಮಾರಾಟ ಕರ್ನಾಟಕದೊಳಗಾದರೆ ಕೇಂದ್ರಕ್ಕೆ ಶೇ. 2.5, ರಾಜ್ಯಕ್ಕೆ ಶೇ. 2.5, ಹೊರರಾಜ್ಯಕ್ಕಾದರೆ ಐಜಿಎಸ್‌ಟಿ ಶೇ. 5. ಈ ‘ಹೀಗಾದರೆ, ಇಲ್ಲವಾದರೆ’ ನಿಯಮ ಪೈಥಾನ್ ಭಾಷೆಯಲ್ಲಿ ಐದಾರು ಸಾಲುಗಳಷ್ಟೆ. ಅದಕ್ಕೆ ಬೇಕಾದ ಗಣಿತ ಗುಣಾಕಾರ ಮಾತ್ರ. ಸ್ಪಷ್ಟ ವಾಕ್ಯರಚನೆಯ ಅಭ್ಯಾಸವಂತೂ ಕಲಾ ವಿದ್ಯಾರ್ಥಿಗಳಿಗೆ ಮೊದಲೇ ಇರುತ್ತದೆ.

1991ರಲ್ಲಿ ಬಿಡುಗಡೆಯಾದ ಪೈಥಾನ್ ಉಚಿತವಾಗಿ ದೊರೆಯುತ್ತದೆ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಕನ್ನಡ ಪಾಠಗಳೂ ಇವೆ. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಕನ್ನಡ ಎಂ.ಎ. ಪದವೀಧರರು; ಕನ್ನಡ ತಂತ್ರಾಂಶಕ್ಕಾಗಿ ಶ್ರಮಿಸಲು ಅವರಿಗೆ ಆ ಪದವಿ ಅಡ್ಡಿಯಾಗಲಿಲ್ಲ.

ವರ್ತಕರು ಇಂತಹ ಯುವಕ ಯುವತಿಯರಿಗೆ ದಾಸ್ತಾನು ಪಟ್ಟಿಯಂತಹ ಒಂದು ಸಣ್ಣ ಕೆಲಸ ವಹಿಸಬಹುದು. ಯಂತ್ರ ತಪ್ಪು ನಿಯಮವನ್ನೂ ಚಾಚೂ ತಪ್ಪದೆ ಪಾಲಿಸುವುದರಿಂದ, ಮೊದಲ ಕೆಲವು ತಿಂಗಳು ಫಲಿತಾಂಶವನ್ನು ಕೈಲೆಕ್ಕದೊಡನೆ ತಾಳೆ ನೋಡುವುದು ಅವಶ್ಯ.